ಎಂದರೆ ಸರಿಯಲ್ಲ

"ನನ್ನ ಗಂಡ ತೀರಿಕೊಂಡಿದ್ದರಿಂದ ನಮ್ಮ ಕುಟುಂಬಕ್ಕೆ ಯಾವುದೇ ಆದಾಯ ನಷ್ಟ ಆಗಿರುವುದಿಲ್ಲ ಎಂದರೆ ಸರಿಯಲ್ಲ."

ನಮ್ಮ ಚಿಕ್ಕಮ್ಮ ಕೋರ್ಟಿನ ಕಟಕಟೆಯಲ್ಲಿ ನಿಂತು ಈ ಮಾತು ಹೇಳಿದಳು ಅಂತ ದಾಖಲೆಯಲ್ಲಿದೆ. ಅವಳು ನಿಜವಾಗಿ ಹೇಳಿದ್ದು, "ಅಯ್ಯೋ, ಇದೇನ್ ಸ್ವಾಮಿ ಹಿಂಗಂತೀರಾ?" ಅಂತ. ಬೆರಳಚ್ಚುಗಾರರ ಕಂಪ್ಯೂಟರಿಗೆ ಇಳಿಯುವಷ್ಟರಲ್ಲಿ ಅದು ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ತೊಟ್ಟು ಹೀಗಾಗಿತ್ತು. ಪಾಟೀಸವಾಲಿನ ರೀತಿಯೇ ಹಾಗೆ. ಎದುರು ವಕೀಲರು ಒಂದು ಆರೋಪ ಎತ್ತಿ ಹಾಕುತ್ತಾರೆ. ಸಾಕ್ಷಿ ಅಲ್ಲ ಅಂತ ತಲೆ ಅಲ್ಲಾಡಿಸಿದರೆ, ಆ ಆರೋಪವೆಲ್ಲ ಸಾಕ್ಷಿಯ ಬಾಯಿಂದಲೇ ಬಂದಂತೆ ಟೈಪಾಗಿ, ಬಾಲಕ್ಕೆ ಮಾತ್ರ "ಎಂದರೆ ಸರಿಯಲ್ಲ" ಅಂತ ಒಂದು ಗಂಟು ಬೀಳುತ್ತದೆ. ಮೂರು ಪುಟ ಹೀಗೇ ಹೋಯಿತು. ಹೊರಗೆ ಬಂದು ಹೊಂಗೆ ಮರದ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಂಡ ಚಿಕ್ಕಮ್ಮ ಕೇಳಿದಳು: "ಅಲ್ಲ ಕಣ್ಲಾ ಮಗ, ಒಂದೊಂದು ಮಾತಿನ ಕೊನೆಗೂ ಸರಿಯಲ್ಲ ಸರಿಯಲ್ಲ ಅಂತ ಓದಿದ್ರಲ್ಲ. ಇದು ಸರಿಯಲ್ಲ ಅಂತ ಅವ್ರಿಗೂ ಗೊತ್ತೈತೆ ಅನ್ನು."

ಊರಿನ ಹೆಸರು ಬೇಡ, ಸ್ಟೇಷನ್ನು, ಆಸ್ಪತ್ರೆ, ವಿಮಾ ಕಂಪನಿಯದ್ದೂ ಬೇಡ. ಕೇಸು ನಡೆಯುತ್ತಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯ ದಾರಿಗಳು ಕೆ.ಬಿ. ಕ್ರಾಸಿನಲ್ಲಿ ಕೂಡುತ್ತವಲ್ಲ, ಅಲ್ಲಿಂದ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ ಅಂದುಕೊಳ್ಳಿ. 2023ರ ನವೆಂಬರ್, ರಾತ್ರಿ ಎಂಟೂವರೆ. ತೆಂಗಿನ ನಾರು ತುಂಬಿಕೊಂಡ ಲಾರಿಯೊಂದು ಆಕ್ಸಲ್ ಮುರಿದುಕೊಂಡು ಅರ್ಧ ಟಾರಿನ ಮೇಲೆ, ಅರ್ಧ ಮಣ್ಣಿನ ಮೇಲೆ ನಿಂತಿತ್ತು. ನಾರಿನ ಲೋಡು ನೀವು ನೋಡಿರಬೇಕು. ಬಾಡಿಯ ಎರಡೂ ಪಕ್ಕಕ್ಕೆ ಉಬ್ಬಿ, ಮೇಲೆ ಟಾರ್ಪಾಲು ಬಿಗಿದು, ರಸ್ತೆಯಲ್ಲಿ ಒಂದು ಮನೆಯೇ ಹೊರಟಂತೆ ಇರುತ್ತದೆ. ಹಿಂದಿನ ದೀಪ ಆ ನಾರಿನೊಳಗೆ ಎಲ್ಲೋ ತಪಸ್ಸು ಮಾಡುತ್ತಿರುತ್ತದೆ. ನಮ್ಮ ಚಿಕ್ಕಪ್ಪ ಟಿವಿಎಸ್ ಮೊಪೆಡ್ಡಿನ ಮುಂದೆ ಕಾಲ ಸಂದಿಯಲ್ಲಿ ಬೂಸಾ ಚೀಲ ಇಟ್ಟುಕೊಂಡು ಮನೆಗೆ ಬರುತ್ತಿದ್ದ. ಎದುರಿನಿಂದ ಬಂದ ಬಸ್ಸಿನ ಹೆಡ್‌ಲೈಟು ಕಣ್ಣಿಗೆ ಹೊಡೆಯಿತು. ಅಷ್ಟೇ.

ಲಾರಿಯ ಡ್ರೈವರು ಎಚ್ಚರಿಕೆ ವಹಿಸಿರಲಿಲ್ಲ ಎಂದರೆ ಸರಿಯಲ್ಲ. ಗಾಡಿಯ ಹಿಂದೆ ನಾಲ್ಕು ಕಲ್ಲು ಇಟ್ಟು, ನಾರಿಗೆ ಒಂದು ತೆಂಗಿನ ಗರಿ ಸಿಕ್ಕಿಸಿದ್ದ. ಕೆಟ್ಟು ನಿಂತ ಗಾಡಿಯ ಹಿಂದೆ ಹೊಳೆಯುವ ಕೆಂಪು ತ್ರಿಕೋನ ಇಡಬೇಕು. ಬೇರೆಯವರಿಗೆ ಅಪಾಯವಾಗುವ ಹಾಗೆ ರಸ್ತೆಯಲ್ಲಿ ಗಾಡಿ ಬಿಟ್ಟುಹೋಗಬಾರದು ಅಂತ ಮೋಟಾರು ವಾಹನ ಕಾಯ್ದೆಯ 122ನೇ ಕಲಮೇ ಇದೆ. ಆದರೆ ನಮ್ಮದು ತೆಂಗಿನ ಸೀಮೆ. ತ್ರಿಕೋನಕ್ಕೆ ದುಡ್ಡು ಕೊಡಬೇಕು, ಗರಿ ಪುಕ್ಕಟೆ. ತೊಂದರೆ ಏನೆಂದರೆ, ಈ ಸೀಮೆಯಲ್ಲಿ ರಸ್ತೆ ಮೇಲೆ ಗರಿ ಕಂಡರೆ ಅಪಾಯ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಗಾಳಿ ಬೀಸಿದೆ ಅಂದುಕೊಳ್ಳುತ್ತಾರೆ. ಆ ಗರಿ ಕೋರ್ಟಿನವರೆಗೂ ಬಂತು. "ಲಾರಿಯ ಹಿಂಬದಿಗೆ ಗರಿ ಕಟ್ಟಲಾಗಿತ್ತು ಎಂದರೆ ಸರಿ" ಅಂತ ಚಿಕ್ಕಮ್ಮನ ಬಾಯಿಂದ ಹೇಳಿಸಿದ ದಿನ ವಿಮಾ ಕಂಪನಿಯ ವಕೀಲರು ಪೆನ್ನಿನ ಮುಚ್ಚಳ ಹಾಕಿದ ಸದ್ದು ನನಗೆ ಹಿಂದಿನ ಬೆಂಚಿಗೂ ಕೇಳಿಸಿತು.

ಆ ರಾತ್ರಿ ನಾನು ಸ್ಟೇಷನ್ನಿಗೆ ಹೋದಾಗ ರೈಟರ್ ಆಗಲೇ ಫಿರ್ಯಾದು ಬರೆದಿಟ್ಟಿದ್ದರು. ಕೈ ಒಳ್ಳೆಯದು, ಮುತ್ತು ಪೋಣಿಸಿದಂಥ ಅಕ್ಷರ. "ಮೃತನು ತನ್ನ ಮೊಪೆಡ್ಡನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು, ರಸ್ತೆಯ ಪಕ್ಕದಲ್ಲಿ ನಿಂತಿದ್ದ ಲಾರಿಗೆ…" ಬೂಸಾ ಚೀಲ ಹೊತ್ತ ಆ ಗಾಡಿ ಇಳಿಜಾರಿನಲ್ಲೂ ನಲವತ್ತು ದಾಟುವುದಿಲ್ಲ. "ಸಾರ್, ಅತಿವೇಗ ಅಂತ ನಾವು ಹೇಳಿಲ್ಲ" ಅಂದೆ. "ಅದು ಫಾರ್ಮ್ಯಾಟು ಕಣ್ರೀ, ಎಲ್ರಿಗೂ ಬರೀತೀವಿ" ಅಂದರು. ಆ ಫಾರ್ಮ್ಯಾಟಿಗೆ ಸಹಿ ಬಿದ್ದಿದ್ದರೆ ಸತ್ತವನೇ ಆರೋಪಿ; ಆರೋಪಿ ಸತ್ತಿದ್ದರಿಂದ ಕೇಸು ಖತಂ; ಲಾರಿ ಮಾಲೀಕರು ದೇವರಿಗೆ ತೆಂಗಿನಕಾಯಿ ಒಡೆಸಿ ಮನೆಗೆ. ಹೆಣ ಇನ್ನೂ ಶವಾಗಾರದಲ್ಲಿ ಇರುವಾಗ ಮನೆಯವರು ಮಾಡಬೇಕಾದ ಮೊದಲ ಕಾನೂನು ಕೆಲಸ ಇದು: ಅಳು ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಸಹಿಗೆ ಮುಂಚೆ ಫಿರ್ಯಾದನ್ನು ಓದುವುದು. ಎಫ್‌ಐಆರ್ ಪ್ರತಿಯನ್ನು ಫಿರ್ಯಾದಿಗೆ ಪುಕ್ಕಟೆ ಕೊಡಬೇಕು ಅಂತ ಕಾನೂನಿದೆ. ನಮಗೂ ಕೊಟ್ಟರು. ಜೆರಾಕ್ಸ್ ಅಂಗಡಿಯ ಹುಡುಗ ಮಾತ್ರ ದುಡ್ಡು ಇಸಿದುಕೊಂಡ.

ಲಾರಿಯ ಕಥೆ ಬೇರೆ. ಅಪಘಾತವಾದ ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರ್ ನೋಡಿ ಮುಗಿಸಿದ ಮೇಲೆ 24 ಗಂಟೆಯೊಳಗೆ ಮಾಲೀಕರಿಗೆ ವಾಪಸು ಕೊಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 136ನೇ ಕಲಂ ಹೇಳುತ್ತದೆ. ಪಾಪ, ಬಾಡಿಗೆ ನಷ್ಟವಾಗಬಾರದಲ್ಲ. ಡ್ರೈವರಿಗೆ ಜಾಮೀನು ಸಿಗಬಹುದಾದ ಅಪರಾಧ. ಆಗಿನ್ನೂ ಐಪಿಸಿ 304ಎ, ಗರಿಷ್ಠ ಎರಡು ವರ್ಷ. 2024ರ ಜುಲೈನಿಂದ ಬಿಎನ್‌ಎಸ್ 106(1) ಬಂದು ಐದು ವರ್ಷವಾಗಿದೆ. ಜಾಮೀನಿನ ಮಟ್ಟಿಗೆ ಏನೂ ಬದಲಾಗಿಲ್ಲ. ಗುದ್ದಿ, ಯಾರಿಗೂ ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷ ಅಂತ 106(2) ಕೂಡ ಬರೆದಿದ್ದರು. 2024ರ ಜನವರಿಯಲ್ಲಿ ದೇಶದ ಲಾರಿಯವರು ಸ್ಟೇರಿಂಗ್ ಬಿಟ್ಟು ರಸ್ತೆಗಿಳಿದರು, ಪೆಟ್ರೋಲ್ ಬಂಕಿನ ಮುಂದೆ ಜನ ಸಾಲು ನಿಂತರು, ಆ ಕಲಂ ತಡೆಹಿಡಿಯಲ್ಪಟ್ಟಿತು. ಸತ್ತವರ ಸಂಘ ಇದ್ದಿದ್ದರೆ ಅವರೂ ಮುಷ್ಕರ ಮಾಡುತ್ತಿದ್ದರೇನೋ.

ಈಗ ಕಾನೂನಿನ ಚೆಂದ ನೋಡಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸತ್ತವರ ಮನೆಯವರು ಮಾಡಬೇಕಾದದ್ದು ಬಹಳ ಕಡಿಮೆ. ಎಲ್ಲವನ್ನೂ ತನಿಖಾಧಿಕಾರಿಯೇ ಮಾಡಬೇಕು. 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಅಪಘಾತ ಪರಿಹಾರದ ಟ್ರಿಬ್ಯೂನಲ್ಲಿಗೂ ವಿಮಾ ಕಂಪನಿಗೂ ಮುಟ್ಟಿಸಬೇಕು. 50 ದಿನಕ್ಕೆ ಮಧ್ಯಂತರ ವರದಿ. ಡ್ರೈವರಿನಿಂದ ಒಂದು ಫಾರಂ, ಮಾಲೀಕನಿಂದ ಒಂದು, ಮನೆಯವರಿಂದ ಒಂದು ಭರ್ತಿ ಮಾಡಿಸಿಕೊಂಡು, ಲೈಸೆನ್ಸು ಪರ್ಮಿಟ್ಟು ವಿಮೆ ಎಲ್ಲ ಅಸಲಿಯೋ ನಕಲಿಯೋ ತಾನೇ ತಾಳೆ ನೋಡಿ, 90 ದಿನಕ್ಕೆ ವಿವರವಾದ ವರದಿ. ಎಲ್ಲಕ್ಕಿಂತ ಸೊಗಸಾದ್ದು ಫಾರಂ 2. ನಿಮ್ಮ ಹಕ್ಕುಗಳು ಇವು, ಮುಂದಿನ ದಾರಿ ಇದು ಅಂತ ನಕ್ಷೆ ಸಮೇತ ಬರೆದಿರುವ ಆ ಕಾಗದವನ್ನು ಅಪಘಾತವಾದ ಹತ್ತು ದಿನದೊಳಗೆ ಮನೆಯವರ ಕೈಗೆ ಕೊಡಬೇಕು. ಅಂದರೆ ಹನ್ನೊಂದನೇ ದಿನದ ತಿಥಿಗೆ ಮುಂಚೆ ಕಾನೂನು ತಾನೇ ಮನೆ ಬಾಗಿಲಿಗೆ ಬಂದಿರಬೇಕು. ಈ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿ ಅಂತ ಸುಪ್ರೀಂ ಕೋರ್ಟ್ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ 2022ರ ಡಿಸೆಂಬರಿನಲ್ಲಿ ಇನ್ನೊಂದು ಸಲ ಹೇಳಿತು. ನಮ್ಮ ಚಿಕ್ಕಪ್ಪ ಹೋಗಿದ್ದು ಅದಾದ ಹನ್ನೊಂದು ತಿಂಗಳಿಗೆ.

ತಿಥಿಗೆ ನೆಂಟರು ಬಂದರು, ಬಾಣಸಿಗರು ಬಂದರು, ಸಾಲ ಕೊಟ್ಟವರು ಬಂದರು. ಫಾರಂ 2 ಬರಲಿಲ್ಲ. ಮೂರು ವಾರ ಬಿಟ್ಟು ನಾನೇ ಸ್ಟೇಷನ್ನಿಗೆ ಹೋಗಿ ಕೇಳಿದೆ. "ಯಾವ್ ಫಾರಂ?" ಅಂದರು. ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ಬಹಳ ಆಸಕ್ತಿಯಿಂದ ಓದಿದರು. "ಚೆನ್ನಾಗೈತೆ. ಇದನ್ನ ನಂಗೂ ವಾಟ್ಸ್‌ಆ್ಯಪ್ ಮಾಡಿ" ಅಂದರು. ಸಂತ್ರಸ್ತರ ಹಕ್ಕುಗಳನ್ನು ಸಂತ್ರಸ್ತರೇ ತನಿಖಾಧಿಕಾರಿಗೆ ತಲುಪಿಸಿದ ಆ ದಿನವನ್ನು ನಾನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

48 ಗಂಟೆಯ ಗಡುವನ್ನು ನಮ್ಮ ಕಡೆ ಯಾರೂ ಪಾಲಿಸುವುದಿಲ್ಲ ಎಂದರೂ ಸರಿಯಲ್ಲ. ಒಬ್ಬರು ಪಾಲಿಸುತ್ತಾರೆ. ಬಿಳಿ ಶರಟು, ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಶವಾಗಾರದ ಹೊರಗೆ, ಇನ್ನೂ ಬೆಳಗಿನ ಏಳು ಗಂಟೆಗೆ, ನಮಗಿಂತ ಮೊದಲೇ ಬಂದು ನಿಂತಿದ್ದರು. ನೆಂಟರು ಅಂದುಕೊಂಡೆವು. ಕಾಫಿ ಕೊಡಿಸಿದರು. ಆ್ಯಂಬುಲೆನ್ಸಿನವನ ಹತ್ತಿರ ರೇಟು ಮಾತಾಡಿದರು. ಪೋಸ್ಟ್‌ಮಾರ್ಟಂ ಬೇಗ ಮುಗಿಯುವ ಹಾಗೆ ಒಳಗೆ ಒಂದು ಮಾತು ಹಾಕಿದರು. ಹಾಲುತುಪ್ಪದ ದಿನ ಮನೆಗೇ ಬಂದು, ಚಾಪೆ ಮೇಲೆ ಕೂತು, ಚಿಕ್ಕಮ್ಮನ ಮುಂದೆ ವಕಾಲತ್ತಿನ ಕಾಗದ ಹರಡಿದರು. "ಖರ್ಚು ಒಂದ್ರುಪಾಯಿ ಬ್ಯಾಡಕ್ಕ. ಬಂದ್ಮೇಲೆ ನೂರಕ್ಕೆ ಇಪ್ಪತ್ತೈದು, ಅಷ್ಟೇಯ." ಕೇಸಿನ ಫಲದ ಮೇಲೆ ಪಾಲು ಮಾತಾಡಿಕೊಂಡು ವಕೀಲರು ಫೀಸು ಗೊತ್ತು ಮಾಡಬಾರದು ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ಅದಕ್ಕೇ ಇರಬೇಕು, ಇವರು ವಕೀಲರಲ್ಲ. ಚಿಕ್ಕಮ್ಮ ಒಂದೇ ಮಾತು ಕೇಳಿದಳು: "ನೂರಕ್ಕೆ ಇಪ್ಪತ್ತೈದಾ? ಮಂಡಿಯೋರೇ ವಾಸಿ ಕಣಪ್ಪ." ಅಲ್ಲಿಗೆ ಕಾಫಿಯ ಋಣ ಹರಿಯಿತು.

ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗುತ್ತಾರೆ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಆಯಿತು, ಸಹಾಯವಾಣಿ 15100. 1987ರ ಕಾಯ್ದೆಯಲ್ಲೇ ಇದೆ. ಅದನ್ನು ಹೇಳೋಕೆ ಶವಾಗಾರದ ಮುಂದೆ ಬೆಳಗ್ಗೆ ಏಳಕ್ಕೆ ಯಾರೂ ಬಂದಿರಲಿಲ್ಲ.

ಅಪಘಾತದಲ್ಲಿ ಸಾಯುವವರು ಒಂದು ಮುಂಜಾಗ್ರತೆ ವಹಿಸಬೇಕು: ಒಂಟಿಯಾಗಿ ಸಾಯಬಾರದು. 2022ರ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲ್ಲೂಕಿನ ಬಾಳೇನಹಳ್ಳಿ ಹತ್ತಿರ ಕ್ರೂಸರ್ ಲಾರಿಗೆ ಡಿಕ್ಕಿಯಾಗಿ, ಬೆಂಗಳೂರಿಗೆ ದುಡಿಯಲು ಹೊರಟಿದ್ದ ರಾಯಚೂರು ಕಡೆಯ ಒಂಬತ್ತು ಮಂದಿ ಸತ್ತರು. ದೆಹಲಿಯಿಂದ ಟ್ವೀಟು ಬಂತು, ಪ್ರಧಾನಿ ಪರಿಹಾರ ನಿಧಿಯಿಂದ ಸತ್ತವರಿಗೆ ತಲಾ 2 ಲಕ್ಷ, ಗಾಯಗೊಂಡವರಿಗೆ 50 ಸಾವಿರ. ಅದೇ ಅಕ್ಟೋಬರ್ 15ರ ರಾತ್ರಿ ನಮ್ಮ ಪಕ್ಕದ ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ, ದೇವಸ್ಥಾನಗಳನ್ನು ನೋಡಿಕೊಂಡು ಬರುತ್ತಿದ್ದ ಟೆಂಪೊ ಟ್ರಾವೆಲರ್ ಹಾಲಿನ ಟ್ಯಾಂಕರಿಗೂ ಬಸ್ಸಿಗೂ ನಡುವೆ ಸಿಕ್ಕಿತು. ಮತ್ತೆ ಒಂಬತ್ತು, ಅದರಲ್ಲಿ ನಾಲ್ಕು ಮಕ್ಕಳು. ಮಂತ್ರಿಗಳು, ಕ್ಯಾಮೆರಾಗಳು, ಸಂತಾಪ. ವಾರಕ್ಕೊಬ್ಬರಂತೆ ಮೊಪೆಡ್ಡಿನ ಮೇಲೆ ಒಂಬತ್ತು ವಾರ ಸತ್ತರೆ ಮೊತ್ತ ಅಷ್ಟೇ ಆಗುತ್ತದೆ, ಟ್ವೀಟು ಮಾತ್ರ ಬರುವುದಿಲ್ಲ. ಸಗಟಿಗೂ ಚಿಲ್ಲರೆಗೂ ದರ ಬೇರೆ ಅನ್ನುವುದು ಕೊಬ್ಬರಿ ಮಾರುವವರಿಗೆ ಹೊಸದೇನಲ್ಲ ಬಿಡಿ.

ಗಡುವಿನ ವಿಚಾರಕ್ಕೆ ಬರೋಣ. ಪೊಲೀಸರಿಗೆ 90 ದಿನ ಅಂತಿದೆ, ಮೀರಿದರೆ ಏನೂ ಆಗುವುದಿಲ್ಲ. ಮನೆಯವರಿಗೆ ಟ್ರಿಬ್ಯೂನಲ್ ಅರ್ಜಿ ಹಾಕಲು ಆರು ತಿಂಗಳು, ಮೀರಿದರೆ ಎಲ್ಲವೂ ಆಗುತ್ತದೆ. ಈ ಆರು ತಿಂಗಳು ಒಂದು ಪುನರ್ಜನ್ಮದ ಕಥೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇತ್ತು. ಹಳ್ಳಿಯ ಹೆಂಗಸರಿಗೆ ಆರು ತಿಂಗಳಲ್ಲಿ ಕಣ್ಣೀರೇ ಆರಿರುವುದಿಲ್ಲ ಅಂತ ಯಾರಿಗೋ ಹೊಳೆದು 1994ರಲ್ಲಿ ತೆಗೆದರು. 2019ರ ತಿದ್ದುಪಡಿಯಲ್ಲಿ ವಾಪಸು ತಂದು 2022ರ ಏಪ್ರಿಲಿನಿಂದ ಜಾರಿ ಮಾಡಿದರು, ಈ ಸಲ ತಡ ಮನ್ನಿಸುವ ಅಧಿಕಾರವನ್ನೂ ಕಿತ್ತುಕೊಂಡು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ತೀರ್ಮಾನವಾಗುವವರೆಗೆ ತಡವಾಯಿತು ಅನ್ನುವ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಗಿದೆ. ನಮಗೆ ಅದೆಲ್ಲ ಗೊತ್ತಿರಲಿಲ್ಲ, ನಾವು ಐದನೇ ತಿಂಗಳ ಕೊನೆಗೆ ಓಡಿ ಹೋಗಿ ಹಾಕಿದೆವು. ಒಂದು ಉಪಕಾರ ಮಾತ್ರ ಕಾನೂನಿನಲ್ಲಿದೆ: ಲಾರಿ ರಾಜಸ್ಥಾನದ್ದಾದರೂ, ವಿಮೆ ಮುಂಬೈಯದಾದರೂ, ಅರ್ಜಿಯನ್ನು ಅರ್ಜಿದಾರರು ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು.

ಲಾರಿಯ ಮಾಲೀಕರು ಯಾರು ಅನ್ನುವುದು ಇನ್ನೊಂದು ಪತ್ತೇದಾರಿ ಕಾದಂಬರಿ. ಆರ್‌ಸಿಯಲ್ಲಿ ಇದ್ದವರು ಮಾರಿ ನಾಲ್ಕು ವರ್ಷವಾಗಿತ್ತು. ಕೊಂಡವರು ಮೂರನೆಯವರಿಗೆ ಮಾರಿದ್ದರು. ಮೂರನೆಯವರು "ಬಾಡಿಗೆಗೆ ಕೊಟ್ಟಿದ್ದೆ" ಅಂದರು. ಆರ್‌ಸಿಯಲ್ಲಿ ಹೆಸರಿರುವವರೇ ಕಾನೂನಿನ ಕಣ್ಣಿಗೆ ಮಾಲೀಕರು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆಯಾದ್ದರಿಂದ, ಲಾರಿಯ ಮುಖವನ್ನೇ ನಾಲ್ಕು ವರ್ಷದಿಂದ ನೋಡದ ಆ ಹಿರಿಯರು ಎರಡನೇ ಎದುರುದಾರರಾಗಿ ಬಂದು ಕೂರುತ್ತಾರೆ. ಒಳ್ಳೆಯ ಮನುಷ್ಯ, ಪ್ರತಿ ವಾಯಿದೆಗೂ ಚಿಕ್ಕಮ್ಮನಿಗೆ ಬಸ್ಸಿನಲ್ಲಿ ಸೀಟು ಹಿಡಿಯುತ್ತಾರೆ. ಎಫ್‌ಸಿ ಮುಗಿದಿತ್ತು, ಅದಕ್ಕೆ ನಾವು ಕೊಡಲ್ಲ ಅಂತ ಕಂಪನಿಯ ತಕರಾರು. ಇಂಥದ್ದಕ್ಕೆ ಕೋರ್ಟುಗಳು "ಮೊದಲು ಇವರಿಗೆ ಕೊಡಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ" ಅನ್ನುವುದುಂಟು. ಅದನ್ನು ಕೇಳಿದ ದಿನ ಆ ಹಿರಿಯರ ಮುಖ ನೋಡಬೇಕಿತ್ತು.

ತಪ್ಪು ಯಾರದ್ದಾದರೂ ಇರಲಿ, ವಾದವೇ ಬೇಡ ಅಂದವರಿಗೆ 164ನೇ ಕಲಮಿನಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಇದೆ. ಅದನ್ನು ಒಪ್ಪಿಕೊಂಡು ಇಸಿದುಕೊಂಡರೆ ಟ್ರಿಬ್ಯೂನಲ್ಲಿನ ಅರ್ಜಿ ಅಲ್ಲಿಗೇ ಮಲಗುತ್ತದೆ. ಗುದ್ದಿದ ಗಾಡಿ ಸಿಗಲೇ ಇಲ್ಲ ಅನ್ನಿ, ಆಗ 2 ಲಕ್ಷ. 2022ಕ್ಕೆ ಮುಂಚೆ ಅದು 25 ಸಾವಿರ ಇತ್ತು. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ ಇಂಥ ಯೋಜನೆ ಇದೆ ಅಂತ ಪೊಲೀಸರೇ ಮನೆಯವರಿಗೆ ಬರಹದಲ್ಲಿ ತಿಳಿಸಬೇಕು ಅಂತ ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಆದೇಶ ಮಾಡಿದೆ. ಫಾರಂ 2ರ ಅನುಭವ ಇರುವವರು ಈ ಆದೇಶವನ್ನೂ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಚಿಕ್ಕಪ್ಪನ ವಯಸ್ಸು ಎಷ್ಟು? ಈ ಪ್ರಶ್ನೆಗೆ ಆರು ಲಕ್ಷ ರೂಪಾಯಿ ಬೆಲೆ ಇದೆ ಅಂತ ಅವನಿಗೆ ಗೊತ್ತಿದ್ದರೆ ಬದುಕಿದ್ದಾಗಲೇ ಸರಿ ಮಾಡಿಸುತ್ತಿದ್ದ. ಆಧಾರ್‌ನಲ್ಲಿ ಅವನು ಹುಟ್ಟಿದ್ದು ಜನವರಿ 1. ನಮ್ಮೂರಲ್ಲಿ ಆಧಾರ್ ಮಾಡಿಸಿದ ಅರ್ಧ ಜನ ಹುಟ್ಟಿದ್ದು ಜನವರಿ 1ರಂದೇ, ಆ ದಿನ ಸೂಲಗಿತ್ತಿಗೆ ಬಿಡುವೇ ಇರಲಿಲ್ಲ. ಆಧಾರ್ ಲೆಕ್ಕದಲ್ಲಿ ಅವನಿಗೆ 52. ಶಾಲೆಯ ಟಿಸಿಯಲ್ಲಿ 49. ಟಿಸಿಯ ವಯಸ್ಸು ಬಂದದ್ದು ಹೇಗೆ ಅಂತ ನಮ್ಮಜ್ಜಿಗೆ ಗೊತ್ತು. ಬಲಗೈಯನ್ನು ತಲೆ ಮೇಲಿಂದ ಎಡಗಿವಿಗೆ ಮುಟ್ಟಿಸು ಅಂದರು ಮೇಷ್ಟ್ರು. ಮುಟ್ಟಲಿಲ್ಲ. ಮುಂದಿನ ವರ್ಷವೂ ಮುಟ್ಟಲಿಲ್ಲ. ಮೂರನೇ ವರ್ಷ ಮುಟ್ಟಿತು, ಆರು ವರ್ಷ ಅಂತ ಬರೆದುಕೊಂಡರು. ಆಧಾರ್ ಹುಟ್ಟಿದ ದಿನಕ್ಕೆ ಪುರಾವೆಯಲ್ಲ ಅಂತ ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ, ಇಂಥದ್ದೇ ಒಂದು ಅಪಘಾತದ ಕೇಸಿನಲ್ಲಿ, ಶಾಲೆಯ ದಾಖಲೆಯನ್ನು ಎತ್ತಿ ಹಿಡಿದಿದೆ.

ಲೆಕ್ಕ ಹೀಗೆ. 2009ರ ಸರಳಾ ವರ್ಮಾ ತೀರ್ಪಿನಲ್ಲಿ ವಯಸ್ಸಿಗೊಂದು ಗುಣಕ ಇದೆ. 46ರಿಂದ 50ಕ್ಕೆ 13, 51ರಿಂದ 55ಕ್ಕೆ 11. ಸ್ವಂತ ದುಡಿಮೆಯವರಿಗೆ ಮುಂದೆ ಏರಬಹುದಾಗಿದ್ದ ಆದಾಯ ಅಂತ ವಯಸ್ಸು ನಲವತ್ತರಿಂದ ಐವತ್ತರ ಒಳಗಿದ್ದರೆ ಶೇ 25, ಐವತ್ತು ದಾಟಿ ಅರವತ್ತರ ಒಳಗಿದ್ದರೆ ಶೇ 10 ಸೇರಿಸಬೇಕು. ಇದು 2017ರ ಪ್ರಣಯ್ ಸೇಠಿ ತೀರ್ಪಿನದು. ತಿಂಗಳಿಗೆ 16 ಸಾವಿರ ಆದಾಯ ಅಂತಿಟ್ಟುಕೊಳ್ಳಿ. ಅವಲಂಬಿತರು ನಾಲ್ಕು ಜನ, ಆದ್ದರಿಂದ ಸತ್ತವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯಬೇಕು. 52 ವರ್ಷದ ಚಿಕ್ಕಪ್ಪನ ಬೆಲೆ 17,42,400 ರೂಪಾಯಿ. 49 ವರ್ಷದ ಅದೇ ಚಿಕ್ಕಪ್ಪನ ಬೆಲೆ 23,40,000. ವ್ಯತ್ಯಾಸ 5,97,600. ಮೊದಲನೇ ವರ್ಷವೇ ಕಿವಿ ಮುಟ್ಟಿದ್ದರೆ ಅಷ್ಟೂ ಹೋಗುತ್ತಿತ್ತು. ಗಿಡ್ಡ ಕೈಯ ಹುಡುಗನಿಗೆ ಮೇಷ್ಟ್ರು ನಲವತ್ತು ಚಿಲ್ಲರೆ ವರ್ಷ ಮುಂಚೆ ಕೊಟ್ಟ ಸ್ಕಾಲರ್‌ಶಿಪ್ಪು.

ಗಂಡ ಇಲ್ಲದಾದ ದುಃಖಕ್ಕೆ ಬೇರೆ ತಲೆಬರಹ ಇದೆ. ಸಾಹಚರ್ಯ ನಷ್ಟ, 40 ಸಾವಿರ. ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆ. ದಾಂಪತ್ಯಕ್ಕೂ ತುಟ್ಟಿಭತ್ಯೆ ಕೊಟ್ಟ ದೇಶ ನಮ್ಮದು. ಅಂತ್ಯಸಂಸ್ಕಾರಕ್ಕೆ 15 ಸಾವಿರ, ಅದಕ್ಕೂ ಅದೇ ಏರಿಕೆ. ತಿಥಿಗೆ ಅಡುಗೆಯವರು ಎಷ್ಟು ತೆಗೆದುಕೊಂಡರು ಅಂತ ಚಿಕ್ಕಮ್ಮ ಬೆರಳು ಮಡಿಸುತ್ತಾ ಹೇಳುತ್ತಿದ್ದಳು, ವಕೀಲರು ಸುಮ್ಮನಿರಿಸಿದರು.

ಆದರೆ ಆ 16 ಸಾವಿರ ಎಲ್ಲಿಂದ ಬಂತು ಅನ್ನುವುದೇ ಕೇಸಿನ ಹೊಟ್ಟೆ. ಚಿಕ್ಕಪ್ಪನಿಗೆ ಸಂಬಳದ ಚೀಟಿ ಇರಲಿಲ್ಲ. ಇದ್ದದ್ದು ತೋಟ. ಪಾಟೀಸವಾಲು ಹೀಗೆ ಶುರುವಾಯಿತು.

"ನಿಮ್ಮ ತೋಟದಲ್ಲಿ ಎಷ್ಟು ಮರ ಇವೆ?"

"ನೂರಿಪ್ಪತ್ತು ಸ್ವಾಮಿ."

"ಅಪಘಾತದಲ್ಲಿ ಮರಗಳಿಗೆ ಏನಾದರೂ ಆಯಿತಾ?"

ಚಿಕ್ಕಮ್ಮ ಜಡ್ಜಿನ ಮುಖ ನೋಡಿದಳು. ಅವರು ಫೈಲು ನೋಡುತ್ತಿದ್ದರು. "ಇಲ್ಲ."

"ಈಗಲೂ ಕಾಯಿ ಬಿಡುತ್ತಿವೆಯಾ?"

"ಬಿಡ್ತವೆ."

"ಪಹಣಿ ಈಗ ಯಾರ ಹೆಸರಿನಲ್ಲಿದೆ?"

"ನನ್ ಹೆಸ್ರಿಗೆ ಪೌತಿ ಖಾತೆ ಆಗೈತೆ."

"ಅಂದರೆ ಗಂಡ ಇದ್ದಾಗ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದ ಜಮೀನು ಈಗ ನಿಮಗೆ ಬಂದಿದೆ."

ಈ ಮಾತು ವಕೀಲರ ಸ್ವಂತ ಕ್ರೌರ್ಯ ಎಂದರೂ ಸರಿಯಲ್ಲ. ಇದಕ್ಕೆ ಆಧಾರ ಇದೆ. ರೈತ ಸತ್ತರೂ ಜಮೀನು ವಾರಸುದಾರರಿಗೇ ಉಳಿಯುತ್ತದೆ, ಆದ್ದರಿಂದ ಸಾಮಾನ್ಯ ಲೆಕ್ಕ ಹಾಗೇ ಹಾಕುವಂತಿಲ್ಲ, ನೋಡಿಕೊಳ್ಳಲು ಆಳು ಇಡಬೇಕಾದ ಖರ್ಚು ಮುಂತಾದ್ದನ್ನು ನೋಡಬೇಕು ಅಂತ ಹರಿಯಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಹೇಳಿತು. ಅಂದಿನಿಂದ ವಿಮಾ ಕಂಪನಿಗಳ ಫೈಲಿನಲ್ಲಿ ರೈತ ಅಂದರೆ ತನ್ನ ತೋಟಕ್ಕೆ ತಾನೇ ಇಟ್ಟುಕೊಂಡಿದ್ದ ಸೂಪರ್‌ವೈಸರು.

ಈ ಸೂಪರ್‌ವೈಸರು ಮಾಡುತ್ತಿದ್ದ ಕೆಲಸ ಇಷ್ಟು. ತ್ರೀಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೆ ಎದ್ದು ಮೋಟಾರು ಹಾಕುವುದು. ಕಪ್ಪುತಲೆ ಹುಳ ಬಿದ್ದ ಗರಿ ಕಡಿದು ಸುಡುವುದು. ಕಾಂಡ ಸೋರಿದ ಕಡೆ ಕೆತ್ತಿ ಔಷಧಿ ಬಳಿಯುವುದು. ಕಾಯಿ ಕೆಡವಿಸಿ, ಆರಿಸಿ, ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಒಳಗಿನ ನೀರು ತಾನಾಗಿ ಬತ್ತುವವರೆಗೂ ಕಾಯುವುದು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಗಿಟುಕು ಕಳಚಿಕೊಂಡು ಗುಡುಗುಡು ಉರುಳುವ ಸದ್ದಿನ ಮೇಲೆಯೇ ಇದು ಆಯಿತು, ಇದು ಇನ್ನೂ ಇಲ್ಲ ಅಂತ ಬೇರೆ ಮಾಡುವುದು. ಸುಲಿಸುವುದು, ಒಡೆಸುವುದು, ತಿಪಟೂರಿನ ಎಪಿಎಂಸಿಗೆ ಸಾಗಿಸುವುದು, ಟೆಂಡರು ಬಿದ್ದ ಮೇಲೆ ಬೋರ್ಡು ನೋಡಿ ಬೆವರು ಒರೆಸಿಕೊಳ್ಳುವುದು. ಇಂಥ ಸೂಪರ್‌ವೈಸರು ತಿಂಗಳಿಗೆ ಎಷ್ಟಕ್ಕೆ ಸಿಗುತ್ತಾರೆ ಅಂತ ಎದುರು ವಕೀಲರು ಹೇಳಿದರೆ ನಾವು ನಾಳೆಯೇ ನೇಮಿಸಿಕೊಳ್ಳುತ್ತೇವೆ.

ಇನ್ನೊಂದು ತಪ್ಪು ಚಿಕ್ಕಪ್ಪನದೇ. ಸಾಯಲು ಕೆಟ್ಟ ವರ್ಷ ಆರಿಸಿಕೊಂಡ. ಆದಾಯವನ್ನು ಅಪಘಾತವಾದ ವರ್ಷದ್ದೇ ಹಿಡಿಯಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಅಂತ ಇದ್ದರೂ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. ಮರುವರ್ಷ ನಾಫೆಡ್ ನೋಂದಣಿಗೆ ರೈತರು ಕಂಬಳಿ ಹೊದ್ದು ರಾತ್ರಿಯೆಲ್ಲ ಸಾಲಿನಲ್ಲಿ ಮಲಗಿದ್ದು ನೆನಪಿರಬಹುದು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಎರಡು ವರ್ಷ ತಡೆದು ಲಾರಿಗೆ ಗುದ್ದಿದ್ದರೆ ಮೂರು ಪಟ್ಟು ಆದಾಯದ ಮನುಷ್ಯನಾಗಿ ಸಾಯುತ್ತಿದ್ದ. ಮಂಡಿಯ ಚೀಟಿಗಳನ್ನು ನಾವು ನಿ.ಪಿ. 9ರಿಂದ 14 ಅಂತ ಗುರುತು ಹಾಕಿಸಿದ್ದೇವೆ. ಎಂಟು ಸಾವಿರದ ಆ ಚೀಟಿಗಳನ್ನು ನೋಡಿ ಎದುರು ವಕೀಲರಿಗೆ ನಮಗಿಂತ ಹೆಚ್ಚು ಖುಷಿಯಾಯಿತು. ಕಾಗದವೇ ಇಲ್ಲದವರಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಾಲ್ಪನಿಕ ಆದಾಯದ ಪಟ್ಟಿ ಇದೆ, ಹೈಕೋರ್ಟೂ ಅದನ್ನೇ ಹಿಡಿಯುವುದು ರೂಢಿ. ಎಷ್ಟೋ ಸಲ ಕಾಗದ ಇಟ್ಟುಕೊಂಡವರಿಗಿಂತ ಕಲ್ಪನೆಯಲ್ಲಿ ದುಡಿದವರೇ ವಾಸಿ.

ನಮ್ಮ ಪಕ್ಕದ ಬೆಂಚಿನಲ್ಲಿ ಕೂರುವ ಹುಡುಗಿಯ ಕೇಸು ಇನ್ನೂ ಕಷ್ಟ. ಅವಳಪ್ಪ ಕಾಯಿ ಲೋಡಿನ ಮೇಲೆ ಕೂತು ಬರುತ್ತಿದ್ದ. ಸರಕು ಗಾಡಿಯಲ್ಲಿ ಸರಕಿನ ಮಾಲೀಕನೋ ಅವನ ಪ್ರತಿನಿಧಿಯೋ ಇದ್ದರೆ ವಿಮೆ ಉಂಟು, ಸುಮ್ಮನೆ ಹತ್ತಿಕೊಂಡವರಿಗೆ ಇಲ್ಲ ಅನ್ನುವುದು ಆಶಾ ರಾಣಿ ತೀರ್ಪಿನ ಕಾಲದಿಂದ, ಅಂದರೆ ಇಪ್ಪತ್ತು ವರ್ಷಕ್ಕೂ ಮೇಲಿನಿಂದ, ನಿಂತ ನೀರು. ಲೋಡು ಇಳಿಸುವ ಕೂಲಿಯವನಾದರೆ ಮಾಲೀಕ ಅವನ ಹೆಸರಿಗೆ ಹೆಚ್ಚಿನ ಪ್ರೀಮಿಯಂ ಕಟ್ಟಿದ್ದನೇ ಅಂತ ಹುಡುಕಬೇಕು. 2025ರ ಜನವರಿ 22ರಂದು ಯಲ್ಲಾಪುರದ ಅರಬೈಲ್ ಬಳಿ ಲಾರಿ ಉರುಳಿ ಸತ್ತ ಹತ್ತು ಜನ ಸವಣೂರಿನಿಂದ ಕುಮಟಾ ಸಂತೆಗೆ ತಮ್ಮದೇ ಹಣ್ಣು ತರಕಾರಿಯ ಜೊತೆ ಹೊರಟವರು. ಇಂಥವರ ಮನೆಯವರೂ ಕಟಕಟೆ ಹತ್ತಿದರೆ, ಯಾವ ಚೀಲ ಯಾರದ್ದು ಅಂತ ಹೇಳಬೇಕಾಗುತ್ತದೆ. ಚೀಲಕ್ಕೆ ಮಾಲೀಕ ಇದ್ದಾನೆ ಅಂತ ಸಾಬೀತಾದರೆ ಮಾತ್ರ ಹೆಣಕ್ಕೆ ವಿಮೆ.

ಮೊನ್ನೆ ವಾಯಿದೆ ಇತ್ತು. ಇಲ್ಲಿಯವರೆಗೆ ಕಂಪನಿಯ ಸಾಕ್ಷಿ ಬಂದಿಲ್ಲ ಅಂತ ಐದು ಸಲ, ಆರ್‌ಟಿಒ ದಾಖಲೆ ಬಂದಿಲ್ಲ ಅಂತ ಮೂರು ಸಲ, ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಅಂತ ಎಷ್ಟು ಸಲವೋ ಮುಂದಕ್ಕೆ ಹೋಗಿದೆ. ಚಿಕ್ಕಪ್ಪ ಅಟ್ಟಕ್ಕೆ ಹಾಕಿದ್ದ ಕಾಯಿ ಕೊಬ್ಬರಿಯಾಗಿ ದೆಹಲಿಗೆ ಹೋಗಿ ಯಾರದೋ ಮನೆಯ ಮಿಠಾಯಿಯಾಗಿ ಕಾಲವಾಯಿತು. ಚಿಕ್ಕಮ್ಮನೇ ಏರಿಸಿದ ಎರಡನೇ ಅಟ್ಟವೂ ಗುಡುಗುಡು ಅನ್ನುತ್ತಿದೆ. ಮುಂದಿನ ತಾರೀಖು ಕೂಗಿದಾಗ ಚಿಕ್ಕಮ್ಮ ಕೈ ಎತ್ತಿದಳು.

"ಅವತ್ತು ಒಡೆಯೋ ಹೆಂಗಸ್ರಿಗೆ ಬರಕ್ಕೇಳಿದೀನಿ ಸ್ವಾಮಿ. ಇನ್ನೊಂದಿನ ಹಾಕ್ಸಿ."

ಎದುರು ವಕೀಲರು ತಟ್ಟನೆ ಎದ್ದು ನಿಂತರು. ಅರ್ಜಿದಾರರಿಗೇ ಕೇಸು ನಡೆಸಲು ಆಸಕ್ತಿ ಇಲ್ಲ, ಈ ಅವಧಿಗೆ ಬಡ್ಡಿ ಕೊಡಬಾರದು, ದಾಖಲಿಸಿಕೊಳ್ಳಬೇಕು ಅಂದರು. ಬೆರಳಚ್ಚುಗಾರರು ದಾಖಲಿಸಿಕೊಂಡರು: ಅರ್ಜಿದಾರರ ಕೋರಿಕೆಯ ಮೇರೆಗೆ ಮುಂದೂಡಲಾಗಿದೆ.